ಹಿಮದಲ್ಲಿ ಆಟಿಕೆ ಸೈನಿಕರ ಫೋಟೋ: ಹಿಮ ಯಾಕೆ ಬೂದಿ ಬಣ್ಣ ಆಗುತ್ತದೆ?

ತವರದಸಿಪಾಯಿ:
ಎರಡು ದಿನದಿಂದ ಹಿಮದಲ್ಲಿ ಮೊಣಕಾಲೂರಿ ಆಟಿಕೆ ಸೈನಿಕರ ಫೋಟೋ ತೆಗೆಯುತ್ತಿದ್ದೇನೆ. 54 ಮಿ.ಮೀ. ಎತ್ತರದ ಹಸಿರು ಪ್ಲಾಸ್ಟಿಕ್ ಸೈನಿಕರು. ಕಣ್ಣಿಗೆ ಹಿಮ ಹಾಲಿನ ಹಾಗೆ ಬೆಳ್ಳಗಿದೆ, ಫೋಟೋದಲ್ಲಿ ನೋಡಿದರೆ ಒಲೆ ಬೂದಿ. ಹತ್ತಿರ ಹೋಗಿ ತೆಗೆದರೆ ಬಂದೂಕಿನ ತುದಿ ಮಾತ್ರ ಸ್ಪಷ್ಟ, ಹಿಡಿದವನ ಮುಖ ಮಸುಕು. ಜೊತೆಗೆ ಹಿಮ ಹಿಮದ ಹಾಗೇ ಕಾಣುವುದಿಲ್ಲ, ಕಲ್ಲುಸಕ್ಕರೆ ಸುರಿದ ಹಾಗಿದೆ. ಕ್ಯಾಮೆರಾ ಹಳೆಯದು, ಆದರೆ ಮ್ಯಾನ್ಯುಯಲ್ ಮೋಡ್ ಇದೆ. ಎಲ್ಲಿ ತಪ್ಪುತ್ತಿದ್ದೇನೆ?

ಬೆಳಕುಬೇಟೆ:
ಬೂದಿ ಬಣ್ಣಕ್ಕೆ ಕಾರಣ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್. ಎದುರಿಗೆ ಏನೇ ಇದ್ದರೂ ಅದನ್ನು ನಡುಮಟ್ಟದ ಬೂದಿ ಎಂದುಕೊಂಡೇ ಅದು ಲೆಕ್ಕ ಹಾಕುತ್ತದೆ. ಫ್ರೇಮ್ ತುಂಬ ಹಿಮ ಇದ್ದರೆ "ಅಬ್ಬಾ, ಬೆಳಕು ಜಾಸ್ತಿ" ಅಂತ ಕಡಿಮೆ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಮೀಟರ್ ಲೆಕ್ಕಕ್ಕಿಂತ ಬೆಳಕು ಹೆಚ್ಚಿಸುವ, ತಗ್ಗಿಸುವ ಸೆಟ್ಟಿಂಗ್) +1ಕ್ಕೆ ಇಟ್ಟು ಶುರು ಮಾಡಿ, ಸಾಲದಿದ್ದರೆ +2ರ ತನಕ ಹೋಗಿ. ಹಿಸ್ಟೋಗ್ರಾಂ (ಚಿತ್ರದ ಕತ್ತಲನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ಗ್ರಾಫ್) ಬಲಗಡೆ ಗೋಡೆಗೆ ಗುದ್ದಿದರೆ ಹಿಮದ ಉಬ್ಬುತಗ್ಗು ಎಲ್ಲ ಅಳಿಸಿಹೋಗಿದೆ ಅಂತ, ಆಗ ಸ್ವಲ್ಪ ಇಳಿಸಿ. ನೆರಳು ನೀಲಿ ಬಂದರೆ ಗಾಬರಿ ಬೇಡ, ಅಲ್ಲಿ ಬೀಳುವುದು ಆಕಾಶದ ಬೆಳಕು. ನಾನಂತೂ ಅದನ್ನು ಹಾಗೇ ಬಿಡುತ್ತೇನೆ, ಚಳಿ ಕಾಣುವುದೇ ಆ ನೀಲಿಯಲ್ಲಿ.

ಚಹಾಜರಡಿ:
ಕಲ್ಲುಸಕ್ಕರೆ ವಿಷಯ ನನಗೆ ಬಿಡಿ, ಎರಡು ಚಳಿಗಾಲ ಅದರಲ್ಲೇ ಕಳೆದಿದ್ದೇನೆ. ನಿಮ್ಮ ಸೈನಿಕ ಸುಮಾರು 1:32 ಅಳತೆಯವನು, ಅಂದರೆ ನಿಜವಾದ ಮನುಷ್ಯನ 32ರಲ್ಲಿ ಒಂದು ಪಾಲು. ಹಾಗಾದರೆ ಅವನ ಕಾಲ ಬಳಿ ಇರುವ 2 ಮಿ.ಮೀ. ಹರಳು ಅವನ ಲೋಕದಲ್ಲಿ 64 ಮಿ.ಮೀ., ಹೆಚ್ಚುಕಡಿಮೆ ಟೆನಿಸ್ ಚೆಂಡು! ಯಾರಾದರೂ ಟೆನಿಸ್ ಚೆಂಡಿನ ರಾಶಿಯಲ್ಲಿ ಯುದ್ಧ ಮಾಡುತ್ತಾರಾ? ಕರಗಿ ಮತ್ತೆ ಗಟ್ಟಿಯಾದ ಹಳೆ ಹಿಮ ಬೇಡ. ಹೊಸದಾಗಿ ಬಿದ್ದ ಒಣ ಹಿಮವನ್ನು ಚಹಾ ಸೋಸುವ ಜರಡಿಯಲ್ಲಿ ಹಾಕಿ, ಬೆರಳಲ್ಲಿ ಮೆಲ್ಲಗೆ ತಟ್ಟುತ್ತಾ ಉದುರಿಸಿ. ಜರಡಿಯೂ ತಣ್ಣಗಿರಬೇಕು, ಬೆಚ್ಚಗಿದ್ದರೆ ಜಾಲರಿಗೆ ಅಂಟಿ ಮುದ್ದೆಯಾಗುತ್ತದೆ.

ಸೈನಿಕನ ಕಾಲ ಕೆಳಗಿನ ತಟ್ಟೆ ಕಂಡರೆ ಆಟ ಮುಗಿಯಿತು. ಚಾಕುವಿನ ತುದಿಯಲ್ಲಿ ಅಷ್ಟೇ ಅಗಲದ ಗುಳಿ ತೋಡಿ ಕೂರಿಸಿ, ಮೇಲೆ ಜರಡಿ ಆಡಿಸಿ. ಹಿಂದೆ ಹೆಜ್ಜೆ ಗುರುತು ಬೇಕಾದರೆ ಹಲ್ಲುಕಡ್ಡಿಯ ಮೊಂಡು ತುದಿ ಸಾಕು. ಸೈನಿಕರನ್ನು ಜೇಬಿನಿಂದ ತೆಗೆದು ನೇರವಾಗಿ ನಿಲ್ಲಿಸಬೇಡಿ, ಮೊದಲು ಹೊರಗೆ ತಣ್ಣಗಾಗಲಿ, ಇಲ್ಲದಿದ್ದರೆ ಕಾಲ ಸುತ್ತ ಕರಗಿ ಒದ್ದೆ ಉಂಗುರ ಬೀಳುತ್ತದೆ. ಹತ್ತಿರ ಬಗ್ಗಿದಾಗ ಉಸಿರು ಬಿಗಿಹಿಡಿಯಿರಿ. ಒಂದು ಉಸಿರು ಸಾಕು, ಲೆನ್ಸ್ ಮಂಜಾಗುವುದಕ್ಕೆ.

ಮೂರನೇಕಣ್ಣು:
ಮಸುಕಿಗೆ: ಲೆನ್ಸ್ ಕಿಂಡಿ (ಅಪರ್ಚರ್) f/8ರಿಂದ f/11 ಇಡಿ, ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು. f/22ಕ್ಕೆ ಓಡಬೇಡಿ, ಅಷ್ಟು ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಸ್ವಲ್ಪ ಹಿಂದೆ ಸರಿದು ತೆಗೆದು ಆಮೇಲೆ ಕ್ರಾಪ್ ಮಾಡಿದರೂ ಹೆಚ್ಚು ಭಾಗ ಸ್ಪಷ್ಟ ಬರುತ್ತದೆ. ಫೋಕಸ್ ಕಣ್ಣಿನ ಮೇಲೆ, ಬಂದೂಕಿನ ಮೇಲಲ್ಲ. ಕ್ಯಾಮೆರಾ ಅವನ ಕಣ್ಣಿನ ಮಟ್ಟಕ್ಕೆ ಇಳಿಯಲೇಬೇಕು. ಮೇಲಿಂದ ತೆಗೆದರೆ ಆಟಿಕೆ ಆಟಿಕೆಯೇ. ಮೊಬೈಲ್ ಇದ್ದರೆ ತಲೆಕೆಳಗು ಹಿಡಿಯಿರಿ, ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತದೆ.

ಇನ್ನೊಂದು ಬ್ಯಾಟರಿ ಒಳಜೇಬಿನಲ್ಲಿರಲಿ, ಚಳಿಗೆ ಬೇಗ ಬಸವಳಿಯುತ್ತದೆ. ಒಳಗೆ ಬರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದುಬಿಡಿ. ಬೆವರುವುದು ಚೀಲದ ಹೊರಗೆ, ಕ್ಯಾಮೆರಾ ಮೇಲಲ್ಲ. ನಾನು ಒಮ್ಮೆ ಸೋಮಾರಿತನ ಮಾಡಿ ಲೆನ್ಸ್ ಒಳಗೇ ತೇವ ಕೂತು, ಅರ್ಧ ದಿನ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೆ.

ಗೋಲಿಗುಂಡು:
ಹೊರಡುವಾಗ ಎಣಿಸಿ, ವಾಪಸ್ ಬರುವಾಗ ಮತ್ತೆ ಎಣಿಸಿ. ಬಿಳಿ ಬಣ್ಣದವರಾದರೆ ಎರಡು ಸಲ ಎಣಿಸಿ.

ತವರದಸಿಪಾಯಿ:
ಇವತ್ತು ಎಲ್ಲ ಮಾಡಿ ನೋಡಿದೆ. +1.3ರಲ್ಲಿ ಹಿಮ ಕೊನೆಗೂ ಬಿಳಿಯಾಯಿತು, ಜರಡಿಯಂತೂ ಜಾದೂ. ಗೋಲಿಗುಂಡು, ಎಣಿಕೆ ಸರಿ ಇದೆ. ಒಂದು ಎಡವಟ್ಟಾಯಿತು. ಮಲಗಿ ಗುರಿ ಇಡುವವನನ್ನು ಬಿಸಿಲಲ್ಲಿ ಬಿಟ್ಟು ಬ್ಯಾಟರಿ ತರಲು ಹೋಗಿದ್ದೆ. ಬರುವಷ್ಟರಲ್ಲಿ ಗಾಢ ಹಸಿರು ಮೈ ಕಾದು, ಕೆಳಗಿನ ಹಿಮ ಕರಗಿ, ಆಸಾಮಿ ಅರ್ಧ ಬೆರಳು ಒಳಗೆ ಇಳಿದಿದ್ದ. ಬೈದುಕೊಂಡೇ ಒಂದು ಕ್ಲಿಕ್ ಮಾಡಿದೆ. ನೋಡಿದರೆ ತಾನೇ ಕಂದಕ ತೋಡಿಕೊಂಡ ಹಾಗಿದೆ, ಹೆಲ್ಮೆಟ್ ಮತ್ತು ಬಂದೂಕು ಮಾತ್ರ ಹೊರಗೆ. ಇವತ್ತು ತೆಗೆದ ನಲವತ್ತರಲ್ಲಿ ಇಟ್ಟುಕೊಂಡದ್ದು ಅದೊಂದೇ.