ಮನೆಯ ಕಂಪ್ಯೂಟರಿನ ಕಡತಗಳಿಗೆ ಬ್ಯಾಕಪ್ ಹೇಗೆ?

ಪ್ರಶ್ನೆ: ನಮ್ಮ ತಂದೆಯವರು ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಬರಹಗಳೂ ಸುಮಾರು 200 ಜಿಬಿ ಫೋಟೊಗಳೂ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ. ಕಳೆದ ವಾರದಿಂದ ಅದು ಟಕ್ ಟಕ್ ಎಂದು ಸದ್ದು ಮಾಡುತ್ತಿದೆ. ಗೂಗಲ್ ಡ್ರೈವ್ ಒಂದೇ ಸಾಕೆ? ದಯವಿಟ್ಟು ತಿಳಿಸಿ.

ಉತ್ತರ 1: ಸದ್ದು ಬರುತ್ತಿದ್ದರೆ ತಡ ಮಾಡಬೇಡಿ. ಇಂದೇ ಹೊಸ ಎಕ್ಸ್‌ಟರ್ನಲ್ ಡಿಸ್ಕಿಗೆ ಮೊದಲು ತಂದೆಯವರ ಬರಹಗಳನ್ನು, ಆಮೇಲೆ ಫೋಟೊಗಳನ್ನು ನಕಲಿಸಿ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಜಿಮೇಲ್ ಕೂಡ ಸೇರಿರುತ್ತದೆ. ಅಲ್ಲದೆ ಸಿಂಕ್ ಮಾಡಿದ (ಡ್ರೈವ್ ಜೊತೆ ತಾನಾಗಿಯೇ ಸರಿಹೊಂದುವ) ಫೋಲ್ಡರಿನಲ್ಲಿ ನೀವು ಕೈತಪ್ಪಿ ಅಳಿಸಿದ ಕಡತ ಡ್ರೈವ್‌ನಿಂದಲೂ ಅಳಿಸಿಹೋಗಿ, ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಉಳಿಯುತ್ತದೆ.

ಉತ್ತರ 2: ಒಟ್ಟು ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಒಂದಾದರೂ ಮನೆಯಿಂದ ಹೊರಗೆ, ಬಂಧುಗಳ ಮನೆಯಲ್ಲಿಯೋ ಕ್ಲೌಡ್‌ನಲ್ಲಿಯೋ ಇರಲಿ. ನಕಲು ಮುಗಿದೊಡನೆ ಡಿಸ್ಕನ್ನು ಕಂಪ್ಯೂಟರಿನಿಂದ ಬೇರ್ಪಡಿಸಿಡಿ, ಏಕೆಂದರೆ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ದಾಳಿಯಾದರೆ ಜೋಡಿಸಿಟ್ಟ ಡಿಸ್ಕಿನ ಕಡತಗಳೂ ಗೂಢಲಿಪೀಕರಣಗೊಂಡು ತೆರೆಯಲಾಗದಂತಾಗಬಹುದು. ಪ್ರತಿಗಳು ಸರಿಯಾಗಿವೆಯೇ ಎಂದು ತಿಳಿಯಲು ಆಗಾಗ ಅವುಗಳಲ್ಲಿನ ಕೆಲವು ಕಡತಗಳನ್ನು ತೆರೆದು ನೋಡುವುದನ್ನು ಮರೆಯಬೇಡಿ.

ಉತ್ತರ 3: ನುಡಿಯ ಹಳೆಯ ಬರಹಗಳು ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪ ಕೊಡುವ ಹಳೆಯ ಬಗೆಯ ಫಾಂಟ್) ಇದ್ದರೆ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಆದ್ದರಿಂದ ಫಾಂಟ್ ಕಡತಗಳನ್ನೂ ಜೊತೆಗಿಡಿ. ಯೂನಿಕೋಡ್‌ಗೆ (ಇಂದು ಬಹುತೇಕ ಎಲ್ಲ ಕಂಪ್ಯೂಟರುಗಳು ಬಳಸುವ ಅಕ್ಷರ ಸಂಕೇತ ಪದ್ಧತಿ) ಪರಿವರ್ತಿಸಿದ ಪ್ರತಿಯನ್ನು ಬೇರೆಯಾಗಿ ಉಳಿಸಿ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಡುವುದುಂಟು, ಹಾಗಾಗಿ ಮೂಲವನ್ನು ಅಳಿಸಬೇಡಿ.