ಹಳೇ 800, ಆಲ್ಟೋ ಟಯರ್, ಕೋನ್ ಫಿಲ್ಟರ್: ಮೈಲೇಜ್ 12.5ಕ್ಕೆ ಇಳಿದಿದೆ, ಅನುಭವ ಇದ್ದವರು ಹೇಳಿ

ಕೇಳಿದವರು (ಬೆಂಗಳೂರು): 2003ರ ಮಾರುತಿ 800, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರೋದು). ಹಿಂದಿನ ಮಾಲೀಕರು ಆಲ್ಟೋದ 145/80 ಆರ್12 ಟಯರ್, ಕೋನ್ ಫಿಲ್ಟರ್ (ಡಬ್ಬಿ ಇಲ್ಲದ ಏರ್ ಫಿಲ್ಟರ್), ಹೆಡರ್ (ಇಂಜಿನ್ನಿಂದ ಹೊಗೆ ಹೊರತರೋ ಬೇರೆ ಪೈಪು) ಮತ್ತು ಫ್ರೀ-ಫ್ಲೋ ಸೈಲೆನ್ಸರ್ ಹಾಕಿಸಿದ್ದಾರೆ. ಹೋದ ವರ್ಷದವರೆಗೆ ಲೀಟರಿಗೆ 16 ಕಿ.ಮೀ. ಕೊಡ್ತಿತ್ತು, ಈಗ 12.5. ಪ್ಲಗ್, ಆಯಿಲ್, ಪೆಟ್ರೋಲ್ ಫಿಲ್ಟರ್ ಹೊಸದು. ಡ್ಯಾಶ್‌ಬೋರ್ಡಿನ ಚೆಕ್ ಇಂಜಿನ್ ಲೈಟ್ ಬಂದಿಲ್ಲ. ಎಲ್ಲಿಂದ ಶುರು ಮಾಡಲಿ?

ಮೈಸೂರು, 2001ರ 800: ಮೊದಲು ಲೆಕ್ಕ ಸರಿ ಮಾಡ್ಕೊಳ್ಳಿ ಸರ್. ಕಂಪನಿ ಟಯರ್ 145/70ರ ಎತ್ತರ 508 ಮಿ.ಮೀ., ನಿಮ್ಮದು 537. ಚಕ್ರದ ಪ್ರತಿ ಸುತ್ತಿಗೆ ಗಾಡಿ ಶೇ 5.7 ಜಾಸ್ತಿ ಹೋಗುತ್ತೆ, ಮೀಟರಿಗೆ ಅದು ಗೊತ್ತಾಗಲ್ಲ. ಮೀಟರ್ 212 ಅಂದ್ರೆ ಓಡಿರೋದು 224. ಅದಕ್ಕೆ 17 ಲೀಟರ್ ಹಿಡಿದಿದ್ರೆ 12.5 ಅಲ್ಲ, 13.2. ಅದೇ ಬಂಕು, ಅದೇ ನಾಜಲ್, ಮೊದಲ ಕಟ್‌ಆಫ್‌ಗೆ ನಿಲ್ಲಿಸಿ ಅಳೀರಿ. ಗೇರೂ ಅಷ್ಟೇ ಉದ್ದ ಆಗಿರುತ್ತೆ. ಮೂವತ್ತೇಳು ಎಚ್‌ಪಿ ಇಂಜಿನ್ನು, ನಾಲ್ಕನೇ ಗೇರ್ ಎಳೆಯೋ ಕಡೆ ಮೂರರಲ್ಲೇ ಉಳೀಬೇಕಾಗುತ್ತೆ. ಹಳೇ ಅಳತೆಗೆ ವಾಪಸ್ ಹೋಗೋಕೆ ನನಗೆ ನಾಲ್ಕು ಟಯರ್, ಫಿಟ್ಟಿಂಗ್, ಅಲೈನ್‌ಮೆಂಟ್ ಸೇರಿ 11,600 ಬಿತ್ತು. ಒಂದು ರೂಪಾಯಿಗೂ ಬೇಜಾರಿಲ್ಲ.

ಹುಬ್ಬಳ್ಳಿ, 2004ರ 800: ಪ್ರಶ್ನೆ ಓದ್ರಿ ಮೊದ್ಲ. ಹೋದ ವರ್ಷ 16 ಕೊಟ್ಟಾಗೂ ಇವೇ ಟಯರ್ ಇದ್ವು. ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗೂತನಕ ನೀರು ರೇಡಿಯೇಟರಿಗೆ ಬಿಡದ ವಾಲ್ವ್) ಐತೋ ಇಲ್ಲೋ ನೋಡ್ರಿ. ಗಾಡಿ ಒಮ್ಮೆ ಕುದ್ದಿತಂದ್ರ ಮೆಕ್ಯಾನಿಕ್ ಮಂದಿ ಅದನ್ನ ಕಿತ್ತು ಒಗೀತಾರ. ಆಮ್ಯಾಲೆ ಇಂಜಿನ್ ಬಿಸಿನ ಆಗೂದಿಲ್ಲ, ಇಸಿಎಂ (ಪೆಟ್ರೋಲ್ ಎಷ್ಟು ಅಂತ ನಿರ್ಧರಿಸೂ ಕಂಪ್ಯೂಟರ್) ಇನ್ನೂ ತಂಪೈತಿ ಅಂತ ತಿಳ್ಕೊಂಡು ಪೆಟ್ರೋಲ್ ಸುರೀತದ. ಲೈಟೂ ಬರಂಗಿಲ್ಲ, ಯಾಕಂದ್ರ ಸೆನ್ಸರ್ ಖರೇನ ಹೇಳ್ತಿರ್ತದ. ಮುಂಜಾನೆ ಸ್ಟಾರ್ಟ್ ಮಾಡಿ ರೇಡಿಯೇಟರ್ ಮ್ಯಾಲಿನ ಹೋಸ್ ಹಿಡೀರಿ. ಐದಾರು ಮಿನಿಟ್ ತಂಪಿದ್ದು, ಆಮ್ಯಾಲೆ ಒಮ್ಮಿಂದೊಮ್ಮೆಲೆ ಸುಡಬೇಕು. ಮೊದಲಿಂದ ಉಗುರುಬೆಚ್ಚಗ ಏರಕೋತ ಹೋದ್ರ ಅದು ಇಲ್ಲ, ಇಲ್ಲಾಂದ್ರ ತೆರೆದಾಂಗ ಸಿಕ್ಕೊಂಡದ. ಕೂಲೆಂಟ್ (ಇಂಜಿನ್ ತಂಪಿಸೂ ನೀರು) ಸೆನ್ಸರ್ ಬಿಚ್ಚಿ ಮಲ್ಟಿಮೀಟರ್ ಹಿಡೀರಿ. 20 ಡಿಗ್ರಿಗೆ ಎರಡೂವರಿ ಸಾವಿರ ಓಮ್ ಆಸುಪಾಸು, 80ಕ್ಕ 300ರ ಆಸುಪಾಸು ಬರಬೇಕು. ಇದು ತಿಳಿಯೂಕಿಂತ ಮೊದ್ಲ ನಂದು ಇಂಜೆಕ್ಟರ್ ಕ್ಲೀನಿಂಗ್ 1,800, ಕಾಯಿಲ್ 2,200, ಪ್ಲಗ್ ವೈರ್ 900 ಹೋತು. ಥರ್ಮೋಸ್ಟಾಟ್, ಗ್ಯಾಸ್ಕೆಟ್ ಕೂಡಿ ಬರೇ 520.

ಮಂಗಳೂರು, 2002ರ 800, ಹೆಡರ್: ಹೆಡರ್ ಅಂತ ಬರೆದಿದ್ದಾರೆ, ಅದನ್ನು ಯಾರೂ ನೋಡಲಿಲ್ಲ ಮಾರಾಯ್ರೆ. ಆಕ್ಸಿಜನ್ ಸೆನ್ಸರಿಗಿಂತ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವುದು) ಮುಂಚೆ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳಗೆ ಎಳೆಯುತ್ತದೆ. ಸೆನ್ಸರ್ 'ಪೆಟ್ರೋಲ್ ಸಾಲದು' ಅನ್ನುತ್ತದೆ, ಇಸಿಎಂ ಸೇರಿಸುತ್ತದೆ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಬ್ಬರು ಸೈಲೆನ್ಸರ್ ಬಾಯಿಗೆ ಬಟ್ಟೆ ಒತ್ತಲಿ, ಇನ್ನೊಬ್ಬರು ಜಾಯಿಂಟಿಗೆ ಸೋಪುನೀರು ಹಾಕಲಿ. ಗುಳ್ಳೆ ಬಂದಲ್ಲೇ ಸೋರಿಕೆ. ಆಮೇಲೆ ಇಂಜಿನ್ ಬಿಸಿ ಮಾಡಿ, ರೇಸ್ ಹಿಡಿದು, ಡಿಜಿಟಲ್ ಮೀಟರಿನಲ್ಲಿ ಸಿಗ್ನಲ್ ವೈರ್ ನೋಡಿ. 0.1ರಿಂದ 0.9 ವೋಲ್ಟ್ ನಡುವೆ ಓಡಾಡುತ್ತಾ ಇರಬೇಕು. 0.1ರಲ್ಲೇ ನಿಂತರೆ ಇನ್‌ಟೇಕಿಗೆ ಸ್ವಲ್ಪವೇ ಕಾರ್ಬ್ ಕ್ಲೀನರ್ ಹೊಡೆಯಿರಿ. ಏರಿದರೆ ಸೆನ್ಸರ್ ಜೀವಂತ, ತಪ್ಪು ಬೇರೆ ಕಡೆ. ನಾನು ಇದು ನೋಡದೆ 3,400 ಕೊಟ್ಟು ಸೆನ್ಸರ್ ಬದಲಾಯಿಸಿದೆ, ಮೈಲೇಜ್ ಕಾಲು ಕಿಲೋಮೀಟರ್ ಏರಲಿಲ್ಲ. ಹೆಡರ್ ಫ್ಲಾಂಜ್ (ಇಂಜಿನ್ನಿಗೆ ಕೂರುವ ಅಂಚು) ಸೊಟ್ಟ ಇತ್ತು. ಲೇತಿನಲ್ಲಿ ಮಟ್ಟ ಮಾಡಲು 350, ಗ್ಯಾಸ್ಕೆಟ್ 180.

ತುಮಕೂರು, 1996ರ 800: ಇಷ್ಟೊಂದು ಸೆನ್ಸರ್ ಪುರಾಣ ಯಾಕೆ? ಎಲ್ಲಾ ಪೆಟ್ರೋಲಿಗೆ ಬೆರೆಸೋ ಎಥನಾಲ್ ಕೆಲಸ. ಕಾರ್ಬುರೇಟರ್ ಗಾಡಿ ಆಗಿದ್ದಿದ್ರೆ ಮುಕ್ಕಾಲು ಗಂಟೇಲಿ ಬಿಚ್ಚಿ ತೋರಿಸ್ತಿದ್ದೆ. ಚೋಕ್ ಫ್ಲಾಪ್ ಅರ್ಧಕ್ಕೆ ನಿಂತಿರುತ್ತೆ, ಇಲ್ಲಾ ನೀಡಲ್ ವಾಲ್ವ್ ಸವೆದು ಫ್ಲೋಟ್ ಬೌಲ್ ತುಂಬಿ ಹರೀತಿರುತ್ತೆ. ಪಂಪಿನ ಡಯಾಫ್ರಮ್ ಹರಿದ್ರೆ ಪೆಟ್ರೋಲ್ ಆಯಿಲಿಗೆ ಇಳಿಯುತ್ತೆ. ಡಿಪ್‌ಸ್ಟಿಕ್ ಮೂಸಿದ್ರೇ ಗೊತ್ತಾಗುತ್ತೆ.

ಮೈಸೂರು: ಅವರದ್ದು ಎಂಪಿಎಫ್‌ಐ, ನಿಮ್ಮ ಚೋಕು ಅದರಲ್ಲಿಲ್ಲ. ಎಥನಾಲ್‌ನಲ್ಲಿ ಲೀಟರಿಗಿರೋ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ. ಬೆರಕೆ ಶೇ 10ರಿಂದ 20ಕ್ಕೆ ಹೋದರೆ ನಷ್ಟ ಶೇ 3.5ರಷ್ಟು. 16 ಇದ್ದದ್ದು 15.4 ಆಗಬಹುದು. ಮಿಕ್ಕ ಮೂರು ಕಿಲೋಮೀಟರ್ ಎಲ್ಲಿ ಹೋಯ್ತು ಹೇಳಿ.

ತುಮಕೂರು: ಲೆಕ್ಕ ಕಾಗದದ ಮೇಲೆ ಚೆನ್ನಾಗಿರುತ್ತೆ. ಪೆಟ್ರೋಲಿನ ಹಳೇ ರಬ್ಬರ್ ಪೈಪು ಊದಿಕೊಂಡು ಬಿರಿದು ಸೋರೋದು ನಿಮ್ಮ ಶೇ 3.5ರಲ್ಲಿ ಸೇರಿದೆಯಾ? ಎರಡೂ ಪೈಪು, ಕ್ಲಿಪ್ಪು ಹೊಸದು ಹಾಕಿಸಿ 640 ಕೊಟ್ಟಿದ್ದೀನಿ, ಸುಮ್ಮನೆ ಅಲ್ಲ.

ಶಿವಮೊಗ್ಗ: ಜಗಳ ಆಮೇಲೆ. ಬ್ರೇಕ್ ಹಿಡ್ಕೊಂಡಿದೆಯಾ ಅಂತ ನಾಲ್ಕೂ ಚಕ್ರ ಒಂದೊಂದಾಗಿ ಜ್ಯಾಕ್ ಮೇಲೆ ಎತ್ತಿ, ನ್ಯೂಟ್ರಲ್ ಮಾಡಿ, ಕೈಯಲ್ಲಿ ತಿರುಗಿಸಿ ನೋಡಿದ್ರಾ? ಹತ್ತು ಕಿ.ಮೀ. ಓಡಿಸಿ ರಿಮ್ ಮುಟ್ಟಿ. ಮುಂದಿನ ಎರಡರಲ್ಲಿ ಒಂದೇ ಸುಡ್ತಿದ್ರೆ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತೋ ಭಾಗ) ಪಿನ್ ಹಿಡ್ಕೊಂಡಿರಬಹುದು. ಅದಕ್ಕೆ ಸಿಲಿಕೋನ್ ಗ್ರೀಸ್ ಮಾತ್ರ. ಬೇರಿಂಗ್ ಗ್ರೀಸ್ ಹಾಕಿದ್ರೆ ರಬ್ಬರ್ ಬೂಟ್ ಊದಿ ಮತ್ತೆ ಹಿಡ್ಕೊಳ್ಳುತ್ತೆ.

ಹುಬ್ಬಳ್ಳಿ: ಇದು ಖರೆ ಮಾತು. ಆದ್ರ ಹೋಸ್ ಹಿಡಿಯೂದು ಮೊದ್ಲು, ಜ್ಯಾಕ್ ಆಮ್ಯಾಲೆ. ರೊಕ್ಕ ಬೀಳಂಗಿಲ್ಲ.

ಮಂಗಳೂರು: ಸೋಪುನೀರಿಗೂ ಹಣ ಬೀಳುವುದಿಲ್ಲ. ಆ ಕೋನ್ ಫಿಲ್ಟರ್ ತೆಗೆದು ಕಂಪನಿಯ ಹಳೇ ಫಿಲ್ಟರ್ ಡಬ್ಬಿ ಹಾಕುವಾಗ ಮ್ಯಾಪ್ ಸೆನ್ಸರಿನ (ಇನ್‌ಟೇಕಿನ ಒತ್ತಡ ಅಳೆಯುವುದು) ವ್ಯಾಕ್ಯೂಮ್ ಪೈಪನ್ನೂ ನೋಡಿ. ಬಿರುಕಿದ್ದರೆ ಇಸಿಎಂಗೆ ಇಂಜಿನ್ ಮೇಲೆ ಲೋಡ್ ಜಾಸ್ತಿ ಇದ್ದ ಹಾಗೆ ಕಾಣುತ್ತದೆ, ಪೆಟ್ರೋಲ್ ಏರಿಸುತ್ತದೆ.

ಮೈಸೂರು: ಕೋನ್ ಯಾಕೆ ತೆಗೀಬೇಕು? ಕಸ ಕಟ್ಟಿದ್ರೂ ಮ್ಯಾಪ್ ಇರೋ ಗಾಡೀಲಿ ಮಿಕ್ಸ್ಚರ್ ಕೆಡಲ್ಲ.

ಮಂಗಳೂರು: ಮಿಕ್ಸ್ಚರ್ ಬಗ್ಗೆ ಹೇಳಿದ್ದಲ್ಲ. ಕೋನ್ ರೇಡಿಯೇಟರ್ ಹಿಂದಿನ ಬಿಸಿಗಾಳಿ ಎಳೆದರೆ ಪಿಕಪ್ ಸಾಯುತ್ತದೆ, ಕಾಲು ಆಕ್ಸಿಲರೇಟರನ್ನು ಇನ್ನೂ ಒತ್ತುತ್ತದೆ. ನೀವೇ ಬರೆದಿರಿ, ಆ ಟಯರಿನಲ್ಲಿ ಮೂರನೇ ಗೇರಲ್ಲೇ ಉಳಿಯಬೇಕು ಅಂತ. ಎರಡೂ ಸೇರಿದರೆ ಏನಾಗುತ್ತದೆ, ಅದಕ್ಕೆ ಉತ್ತರ ಹೇಳಿ.