ಪಾಯಿಂಟ್ಸ್ ಕೂಡಿಡಬೇಡ ಪುಟ್ಟ, ಟಿಕೆಟ್ ಮಾಡಿಬಿಡು

ಪುಟ್ಟ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ವಿಮಾನ ಕಂಪನಿಯ ಇಮೇಲ್ ಫೋಟೋ ಈಗ ತಾನೇ ನೋಡಿದೆ. ಅದರ ಕೆಳಗೆ ಮಾವ, ಚಿಕ್ಕಮ್ಮ ಬರೆದದ್ದನ್ನೂ ಓದಿದೆ. ಮೂವರಿಗೂ ಸೇರಿಸಿ ಒಂದೇ ಸಲ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ, ಬಿಡುವಾದಾಗ ಕೇಳಿ.

ಇಮೇಲಿನಲ್ಲಿ ಇರುವುದು ಇಷ್ಟೇ. ಇಲ್ಲಿಯವರೆಗೆ ಎಷ್ಟು ದೂರ ಹಾರಿದೆ ಅಂತ ನೋಡಿ ಪಾಯಿಂಟ್ಸ್ ಕೊಡುತ್ತಿದ್ದರು. ಜನವರಿಯಿಂದ ಟಿಕೆಟ್‌ಗೆ ಎಷ್ಟು ಹಣ ಕೊಟ್ಟೆ ಅಂತ ನೋಡಿ ಕೊಡುತ್ತಾರೆ. ಹೆಚ್ಚು ಹಾರುವವರಿಗೆ ಸವಲತ್ತು ಕೊಡುವ ಗೋಲ್ಡ್ ಕಾರ್ಡಿಗೂ ಅದೇ ಲೆಕ್ಕ. ಇರುವ ಪಾಯಿಂಟ್ಸ್ ಹೋಗಿಬಿಡುತ್ತವಾ, ಗೋಲ್ಡ್ ಉಳಿಸಿಕೊಳ್ಳಲು ಡಿಸೆಂಬರ್ ಒಳಗೆ ಸುಮ್ನೆ ಎರಡು ಸಲ ಹಾರಿ ಬರಲಾ ಅಂತ ನೀನು ಕೇಳಿದ್ದೀಯ. ಮಾವ ಆ ಕಂಪನಿಯನ್ನೇ ಬಿಟ್ಟುಬಿಡು ಅಂದಿದ್ದಾರೆ. ಚಿಕ್ಕಮ್ಮ ಎಲ್ಲವನ್ನೂ ಹಾಗೇ ಇಟ್ಟುಕೋ, ಮುಂದೆ ದೊಡ್ಡ ಪ್ರವಾಸಕ್ಕೆ ಆಗುತ್ತದೆ ಅಂದಿದ್ದಾರೆ.

ಮೊದಲು ನಿನ್ನ ಪ್ರಶ್ನೆ. ಇಲ್ಲಿ ಎರಡು ಬೇರೆ ಬೇರೆ ಖಾತೆ ಇವೆ, ಎಲ್ಲರೂ ಒಂದಕ್ಕೊಂದು ಬೆರೆಸಿಬಿಡುತ್ತಾರೆ. ಒಂದು, ಟಿಕೆಟ್ ಕೊಳ್ಳಲು ಬಳಸುವ ಪಾಯಿಂಟ್ಸ್. ಅದು ಹೋಗುವುದಿಲ್ಲ, ನೀನು ಕಳಿಸಿದ ಇಮೇಲಿನ ಮೂರನೇ ಸಾಲಿನಲ್ಲೇ ಇದೆ ನೋಡು. ಇನ್ನೊಂದು, ಸಿಲ್ವರ್ ಗೋಲ್ಡ್ ಅಂತ ದರ್ಜೆ ಲೆಕ್ಕ ಹಾಕುವ ಪಾಯಿಂಟ್ಸ್. ಅದು ವರ್ಷ ಮುಗಿದ ಕೂಡಲೇ ಸೊನ್ನೆಗೆ ಬರುತ್ತದೆ. ಅದರಿಂದ ಏನನ್ನೂ ಕೊಳ್ಳಲು ಬರುವುದಿಲ್ಲ.

ನಿನಗೆ ಸಿಟ್ಟು ಬಂದದ್ದು ಸರಿಯೇ. ಹೊಸ ಲೆಕ್ಕದಲ್ಲಿ ಪೆಟ್ಟು ಬೀಳುವುದೇ ನಿನ್ನಂಥವರಿಗೆ. ನೀನು ಎರಡು ತಿಂಗಳು ಮೊದಲೇ ಹುಡುಕಿ, ಕಡಿಮೆ ದರದ ಟಿಕೆಟ್ ಹಿಡಿದು, ಸ್ವಂತ ಕೈಯಿಂದ ಹಣ ಕೊಟ್ಟು ಹೋಗುತ್ತೀಯ. ಪಕ್ಕದ ಸೀಟಿನವನು ಆಫೀಸಿನ ಹಣದಲ್ಲಿ ಹಿಂದಿನ ದಿನ ಟಿಕೆಟ್ ಮಾಡಿಸಿರುತ್ತಾನೆ. ಇಬ್ಬರೂ ಅದೇ ವಿಮಾನ, ಅದೇ ಸಾಲು, ಅದೇ ಹತ್ತು ಗಂಟೆ. ಅವನಿಗೆ ನಿನ್ನ ನಾಲ್ಕು ಪಟ್ಟು ಪಾಯಿಂಟ್ಸ್ ಬಂದರೂ ಆಶ್ಚರ್ಯವಿಲ್ಲ. ಇನ್ನೊಂದು ವಿಷಯ, ಸಾಮಾನ್ಯವಾಗಿ ಮೂಲ ದರಕ್ಕೆ ಮತ್ತು ಕಂಪನಿ ಹಾಕುವ ಶುಲ್ಕಕ್ಕೆ ಮಾತ್ರ ಪಾಯಿಂಟ್ಸ್ ಬರುತ್ತದೆ, ಸರ್ಕಾರದ ತೆರಿಗೆ ಅದಕ್ಕೆ ಸೇರುವುದಿಲ್ಲ. ಟಿಕೆಟ್ ಅಗ್ಗವಾದಷ್ಟೂ ಅದರಲ್ಲಿ ತೆರಿಗೆಯ ಪಾಲೇ ಜಾಸ್ತಿ, ಅಲ್ವಾ? ಅಲ್ಲೂ ನಿನಗೇ ಕಡಿಮೆ.

ಮಾವ, ನಿಮ್ಮ ಮಾತಿಗೆ ಬರುತ್ತೇನೆ. ಬಿಟ್ಟು ಎಲ್ಲಿಗೆ ಹೋಗುವುದು? 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಡ್ವಾಂಟೇಜ್ ಅನ್ನುವ ಪಾಯಿಂಟ್ಸ್ ಯೋಜನೆ ಶುರು ಮಾಡಿದಾಗ ಹಾರಿದಷ್ಟು ಮೈಲಿಗೆ ಲೆಕ್ಕ, ಅದಕ್ಕೇ ಅದನ್ನು ಮೈಲ್ಸ್ ಅಂತ ಕರೆದದ್ದು. 2015ರಲ್ಲಿ ಅಲ್ಲಿನ ಇನ್ನೆರಡು ವಿಮಾನ ಕಂಪನಿಗಳಾದ ಡೆಲ್ಟಾ, ಯುನೈಟೆಡ್ ಎರಡೂ ಮೈಲ್ಸ್ ಕೊಡುವುದನ್ನು ಹಣದ ಲೆಕ್ಕಕ್ಕೆ ತಂದವು. ಮರುವರ್ಷ ಅಮೆರಿಕನ್ ಕೂಡ ಅದೇ ದಾರಿ ಹಿಡಿಯಿತು. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್ 1ರಿಂದ ದರ್ಜೆಗೂ ಹಣದ ಲೆಕ್ಕ ಮಾಡಿತು, ಪೌಂಡಿಗೆ ಒಂದು ಪಾಯಿಂಟ್, ಗೋಲ್ಡ್ ಬೇಕಾದರೆ 20,000. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೆ ಅಲ್ಲಿ ಸೊನ್ನೆಯಿಂದ ಶುರು ಮಾಡಬೇಕು, ಎರಡು ವರ್ಷ ಬಿಟ್ಟು ಅಲ್ಲಿಂದಲೂ ಇದೇ ಇಮೇಲ್ ಬರಬಹುದು.

ಯಾಕೆ ಹೀಗೆ ಅಂದರೆ, ಈ ಯೋಜನೆಗಳಲ್ಲಿ ದೊಡ್ಡ ಹಣ ಬರುವುದು ನಮ್ಮಿಂದ ಅಲ್ಲ, ಬ್ಯಾಂಕುಗಳಿಂದ. ವಿಮಾನ ಕಂಪನಿ ಪಾಯಿಂಟ್ಸನ್ನು ಬ್ಯಾಂಕಿಗೆ ಮಾರುತ್ತದೆ, ಬ್ಯಾಂಕ್ ಅದನ್ನು ಕ್ರೆಡಿಟ್ ಕಾರ್ಡ್ ಉಜ್ಜುವವರಿಗೆ ಹಂಚುತ್ತದೆ. ಡೆಲ್ಟಾಕ್ಕೆ 2023ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಅನ್ನುವ ಕಾರ್ಡ್ ಕಂಪನಿ ಒಂದರಿಂದಲೇ ಸುಮಾರು 680 ಕೋಟಿ ಡಾಲರ್ ಬಂತು. 2020ರಲ್ಲಿ ಕೊರೋನಾದಿಂದ ವಿಮಾನಗಳೆಲ್ಲ ನಿಂತಾಗ ಇದೇ ಡೆಲ್ಟಾ ತನ್ನ ಪಾಯಿಂಟ್ಸ್ ಯೋಜನೆಯನ್ನು ಅಡ ಇಟ್ಟು 900 ಕೋಟಿ ಡಾಲರ್ ಸಾಲ ಎತ್ತಿತು. ಹಾರಾಟ ನಿಂತರೂ ಬೆಲೆ ಬಾಳುತ್ತಿದ್ದದ್ದು ಅದೇ. ಹೀಗಿರುವಾಗ ದೂರ ಹಾರುವವನಿಗಿಂತ ಖರ್ಚು ಮಾಡುವವನೇ ಅವರಿಗೆ ಮುಖ್ಯ.

ಆದರೆ ಮಾವ, ದೂರು ಕೊಡುವುದು ವ್ಯರ್ಥ ಅಂತ ನಾನು ಹೇಳುತ್ತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಡೆಲ್ಟಾ ತನ್ನ ಮೇಲಿನ ಡೈಮಂಡ್ ದರ್ಜೆಗೆ ಬೇಕಾದ ಖರ್ಚಿನ ಲೆಕ್ಕವನ್ನು 20,000 ಡಾಲರ್‌ನಿಂದ 35,000ಕ್ಕೆ ಏರಿಸುವುದಾಗಿ ಹೇಳಿತು. ಜನ ಸುಮ್ಮನೆ ಕೂರಲಿಲ್ಲ. ಬರೆದರು, ಫೋನ್ ಮಾಡಿದರು, ಕಾರ್ಡ್ ವಾಪಸ್ ಕೊಡುತ್ತೇವೆ ಅಂದರು. ಕೊನೆಗೆ ಮುಖ್ಯಸ್ಥ ಎಡ್ ಬಾಸ್ಟಿಯನ್ ಅವರೇ ನಾವು ಮಿತಿ ಮೀರಿದೆವು ಅಂತ ಒಪ್ಪಿಕೊಂಡರು, ಅಕ್ಟೋಬರ್‌ನಲ್ಲಿ ಅದು 28,000ಕ್ಕೆ ಇಳಿಯಿತು. ಹಳೆಯ ಲೆಕ್ಕ ವಾಪಸ್ ಬರಲಿಲ್ಲ, ಅದು ನಿಜ. ಆದರೂ ಏಳು ಸಾವಿರ ಅಂದರೆ ಸಣ್ಣದಲ್ಲ. ಹಾಗಾಗಿ ಪುಟ್ಟ, ನೀನೂ ಬರಿ. ಬೈದು ಬರೆಯಬೇಡ. ಎಷ್ಟು ವರ್ಷದಿಂದ ಹಾರುತ್ತಿದ್ದೀಯ, ಕಳೆದ ವರ್ಷದ ನಿನ್ನ ಪ್ರಯಾಣಗಳಿಗೆ ಹಳೆಯ ಲೆಕ್ಕದಲ್ಲಿ ಎಷ್ಟು ಬರುತ್ತಿತ್ತು, ಹೊಸದರಲ್ಲಿ ಎಷ್ಟು ಬರುತ್ತದೆ, ಆ ಎರಡು ಸಂಖ್ಯೆ ಹಾಕು. ಸಂಖ್ಯೆ ಇದ್ದರೆ ಓದುವವರಿಗೆ ತಳ್ಳಿಹಾಕುವುದು ಕಷ್ಟ.

ಚಿಕ್ಕಮ್ಮ, ಈಗ ನಿಮಗೆ. ಕೂಡಿಡಿ ಅನ್ನುವ ಮಾತು ಕೇಳಿ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ನಾನು ಒಂಬತ್ತು ವರ್ಷ ಆಫೀಸ್ ಕೆಲಸಕ್ಕೆ ಹಾರಿದೆ, ಕೆಲವು ತಿಂಗಳು ವಾರಕ್ಕೆರಡು ಸಲ. ಒಂದೇ ಒಂದು ಆಸೆ ಇತ್ತು. ಅಪ್ಪ ಅಮ್ಮ ಇಬ್ಬರನ್ನೂ ಒಮ್ಮೆ ಬಿಸಿನೆಸ್ ಕ್ಲಾಸಿನಲ್ಲಿ ಕರೆದುಕೊಂಡು ಹೋಗಬೇಕು. ಅಪ್ಪನ ಕಾಲು ಉದ್ದ, ಮೊಣಕಾಲು ಮಡಚಿ ಕೂತರೆ ನೋವು, ಅದು ನಿಮಗೂ ಗೊತ್ತು. ಎಷ್ಟು ಪಾಯಿಂಟ್ಸ್ ಬೇಕು ಅಂತ ಕಂಪನಿಯ ಪಟ್ಟಿ ನೋಡಿ ಡೈರಿಯ ಕೊನೇ ಪುಟದಲ್ಲಿ ಬರೆದಿಟ್ಟಿದ್ದೆ. ಪ್ರತಿ ಪ್ರಯಾಣ ಆದ ಮೇಲೂ ಅಲ್ಲಿ ಕೂಡುತ್ತಾ ಹೋದೆ. ಇನ್ನೇನು ಎರಡು ಪ್ರಯಾಣ ಬಾಕಿ ಅನ್ನುವಾಗ ಪಟ್ಟಿಯಲ್ಲಿ ಸಂಖ್ಯೆ ಏರಿತು. ಮತ್ತೆ ಕೂಡಿಸಿದೆ. ಆಮೇಲೆ ಪಟ್ಟಿಯನ್ನೇ ತೆಗೆದುಬಿಟ್ಟರು, ದಿನಕ್ಕೊಂದು ದರ, ರಜೆಯ ದಿನಗಳಲ್ಲಂತೂ ಎರಡು ಪಟ್ಟು. ಅಗ್ಗವಾಗಲಿ ಅಂತ ಕಾದೆ. ಕಾಯುತ್ತಿರುವಾಗಲೇ ಅಪ್ಪನಿಗೆ ಆಪರೇಷನ್ ಆಯಿತು, ಡಾಕ್ಟರು ಇನ್ನು ಅಷ್ಟು ದೂರದ ಪ್ರಯಾಣ ಬೇಡ ಅಂದರು. ಆ ಉದ್ದ ಮಲಗುವ ಸೀಟನ್ನು ಅಪ್ಪ ನೋಡಿದ್ದು ನನ್ನ ಫೋನಿನ ಫೋಟೋದಲ್ಲಿ ಮಾತ್ರ.

ಇದು ಎಫ್‌ಡಿ ಅಲ್ಲ ಚಿಕ್ಕಮ್ಮ. ಬಡ್ಡಿ ಬರುವುದಿಲ್ಲ, ಬೆಲೆ ಮಾತ್ರ ಇಳಿಯುತ್ತಾ ಹೋಗುತ್ತದೆ. ಪಾಯಿಂಟ್ಸ್ ಸದಸ್ಯರ ಸ್ವತ್ತಲ್ಲ, ನಿಯಮ ಯಾವಾಗ ಬೇಕಾದರೂ ಬದಲಾಯಿಸಬಹುದು ಅಂತ ಹೆಚ್ಚಿನ ಕಂಪನಿಗಳು ಮೊದಲೇ ಬರೆದಿಟ್ಟಿರುತ್ತವೆ. ನಾನು ಅದನ್ನು ಓದಿದ್ದು ಎಲ್ಲ ಆದ ಮೇಲೆ.

ಹಾಗಾಗಿ ಪುಟ್ಟ, ಡಿಸೆಂಬರ್‌ನಲ್ಲಿ ಸುಮ್ನೆ ಹಾರಿ ಬರುವುದು ಬೇಡ. ಕಳೆದ ವರ್ಷ ಗೋಲ್ಡ್ ಕಾರ್ಡಿನಿಂದ ನೀನು ನಿಲ್ದಾಣದ ಲೌಂಜಿಗೆ ಎಷ್ಟು ಸಲ ಹೋದೆ, ಹೆಚ್ಚಿನ ಬ್ಯಾಗ್ ಎಷ್ಟು ಸಲ ತೆಗೆದುಕೊಂಡೆ, ಅಪ್‌ಗ್ರೇಡ್ ಅಂದರೆ ಮೇಲಿನ ದರ್ಜೆಯ ಸೀಟು ನಿಜವಾಗಿ ಎಷ್ಟು ಸಲ ಸಿಕ್ಕಿತು, ಕೂಡಿಸಿ ನೋಡು. ಎರಡು ಟಿಕೆಟ್‌ನ ಹಣಕ್ಕೆ ಅದು ಸಮ ಆಗುವುದಿಲ್ಲ ಅಂತ ನನಗೆ ಅನಿಸುತ್ತದೆ. ಇನ್ನು ಮುಂದೆ ದರ ಎಲ್ಲಿ ಕಡಿಮೆ, ಸಮಯ ಎಲ್ಲಿ ಅನುಕೂಲ, ಅಲ್ಲಿ ಹಾರು. ಒಂದು ದಾರಿ ಮಾತ್ರ ನೋಡಿಟ್ಟುಕೋ. ನಿನ್ನ ಕಂಪನಿ ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್ ಥರದ ವಿಮಾನ ಕಂಪನಿಗಳ ಕೂಟದಲ್ಲಿ ಇದ್ದರೆ, ಅದೇ ವಿಮಾನದಲ್ಲಿ ಹೋಗಿ ಪಾಯಿಂಟ್ಸನ್ನು ಕೂಟದ ಬೇರೆ ಕಂಪನಿಯ ಖಾತೆಗೆ ಹಾಕಿಸಿಕೊಳ್ಳಬಹುದು. ಕೆಲವು ಕಡೆ ಅದಕ್ಕೆ ಇನ್ನೂ ದೂರದ ಲೆಕ್ಕವೇ ಇದೆ. ಬುಕ್ ಮಾಡುವಾಗ ಸದಸ್ಯ ಸಂಖ್ಯೆ ಯಾವುದು ಹಾಕುತ್ತೀಯ ಅನ್ನುವುದಷ್ಟೇ.

ಇರುವ ಪಾಯಿಂಟ್ಸನ್ನು ಈ ವರ್ಷವೇ ಮುಗಿಸು, ಅದರಲ್ಲಿ ಚಿಕ್ಕಮ್ಮನಿಗೆ ಟಿಕೆಟ್ ಮಾಡು. ಚಿಕ್ಕಮ್ಮ ಮಗಳ ಮಗುವನ್ನು ಇನ್ನೂ ವಿಡಿಯೋ ಕಾಲಿನಲ್ಲೇ ನೋಡುತ್ತಿದ್ದಾರೆ, ಅದಕ್ಕಿಂತ ದೊಡ್ಡ ಪ್ರವಾಸ ಯಾವುದಿದೆ? ಪಾಯಿಂಟ್ಸ್ ಸೀಟುಗಳು ಸುಮಾರು ಹನ್ನೊಂದು ತಿಂಗಳ ಮೊದಲೇ ತೆರೆಯುತ್ತವೆ, ಎರಡು ಒಟ್ಟಿಗೆ ಸಿಗುವುದು ಕಷ್ಟ, ದಿನ ಸ್ವಲ್ಪ ಹಿಂದೆ ಮುಂದೆ ಮಾಡಲು ತಯಾರಿರಬೇಕು. ಬಿಸಿನೆಸ್‌ಗೆ ಸಾಲದಿದ್ದರೆ ಎಕಾನಮಿಯಲ್ಲೇ ಹೋಗಲಿ, ಕಾಲು ಚಾಚಲು ಜಾಗ ಇರುವ ಸೀಟು ಆರಿಸೋಣ. ಖಾತೆಯಲ್ಲಿ ಎಷ್ಟಿದೆ ಅಂತ ಸ್ಕ್ರೀನ್‌ಶಾಟ್ ಕಳಿಸು. ಚಿಕ್ಕಮ್ಮ, ನೀವು ಚಿಕ್ಕಪ್ಪನ ಹತ್ತಿರ ಕೇಳಿ ಯಾವ ತಿಂಗಳು ಆಗುತ್ತದೆ ಹೇಳಿ. ರಾತ್ರಿ ಒಂಬತ್ತರ ಮೇಲೆ ನಾನು ಬಿಡುವಾಗಿರುತ್ತೇನೆ, ಫೋನ್ ಮಾಡಿ, ಇಬ್ಬರೂ ಕೂತು ದಿನ ನೋಡೋಣ.